ಗಂಡನ ಹೆಸರು: ಇದ್ದಾರೆ

ಗೊಟ್ಟಿಗೆರೆ
12 ಆಗಸ್ಟ್ 2024

ಬಿಂದು,

ನಿನ್ನ ಫಾರಂ ನನ್ನನ್ನು ಸುಳ್ಳುಗಾತಿ ಅನ್ನುತ್ತಿದೆ.

ಎರಡೂವರೆ ವರ್ಷದ ಮೇಲೆ ಅಮ್ಮ ಕಾಗದ ಬರೆದಳು, ಮೊದಲ ಸಾಲೇ ಜಗಳ ಅಂತ ಮುಖ ಊದಿಸಿಕೊಳ್ಳಬೇಡ. ಜಗಳ ಮೊದಲು ಮುಗಿದರೆ ಆಮೇಲೆ ನೆಮ್ಮದಿಯಾಗಿ ಬರೆಯಬಹುದು. ನನ್ನ ಬಲಗಣ್ಣಿಗೆ ಪೊರೆ ಬಂದಿದೆ. ವರ್ಷ ಕಳೆಯುವುದರೊಳಗೆ ಆಪರೇಷನ್ ಮಾಡಿಸಿಬಿಡಿ ಅಂದಿದ್ದಾರೆ ಡಾಕ್ಟರು. ನಿಮ್ಮಪ್ಪ ಯಾವುದೋ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಅಂದರು. ನಾನೇ ಒಪ್ಪಲಿಲ್ಲ. ಅರೆಕೆರೆಯ ಮಹಿಳಾ ಸಂಘದವರು ಡಿಸೆಂಬರಿನಲ್ಲಿ ಸುತ್ತಮುತ್ತಲಿನ ಹೆಂಗಸರನ್ನೆಲ್ಲ ಒಟ್ಟಿಗೆ ಕರೆದುಕೊಂಡು ಹೋಗಿ ಮಾಡಿಸುತ್ತಾರೆ. ಗುರುತಿನವರು ಪಕ್ಕದ ಹಾಸಿಗೆಯಲ್ಲಿದ್ದರೆ ನನಗೂ ಧೈರ್ಯ.

ಅದಕ್ಕೆ ಫೋನಿನಲ್ಲೇ ಫಾರಂ ತುಂಬಬೇಕಂತೆ. ಒಂದು ಮಧ್ಯಾಹ್ನವೆಲ್ಲ ಕೂತು ಮೊದಲ ಪುಟ ತುಂಬಿದೆ. ಒತ್ತಿದರೆ, 'ಈ ವ್ಯಕ್ತಿ ಈಗಾಗಲೇ ನೋಂದಣಿಯಾಗಿದ್ದಾರೆ' ಅಂತ ಕೆಂಪಕ್ಷರದಲ್ಲಿ ಬಂತು. ನಾನು ಯಾವಾಗ ನೋಂದಣಿ ಮಾಡಿಸಿದೆ? ಮೂರು ಸಲ ತುಂಬಿದೆ, ಮೂರು ಸಲವೂ ಅದೇ ಮಾತು. ಸಂಘದ ಕೆಂಪಕ್ಕನನ್ನು ಕೇಳಿದರೆ, "ನಂಗೇನ್ ಗೊತ್ತಕ್ಕ, ನಿಮ್ ಮಗಳ ಆಫೀಸ್ನೋರೇ ಮಾಡ್ಕೊಟ್ಟಿರೋದು" ಅಂದಳು. ನಿನ್ನ ಆಫೀಸಿನ ವಿಳಾಸ ಸಿಕ್ಕಿದ್ದು ಹಾಗೆ.

ನೀನು ಸಿದ್ಧಾರ್ಥನ ಜೊತೆ ರಿಜಿಸ್ಟರ್ ಮದುವೆಯಾದ ದಿನ ನಿಮ್ಮಪ್ಪ, "ಅವ್ಳ ಜೊತೆ ಫೋನಲ್ಲಿ ಮಾತಾಡಕೂಡ್ದು" ಅಂದರು. ಫೋನ್ ಅಂದರು. ಕಾಗದದ ಸುದ್ದಿ ಎತ್ತಲಿಲ್ಲ. ಗಂಡನ ಮಾತು ಮೀರಿದವಳು ಅಂತ ನನ್ನನ್ನು ಯಾರೂ ಅನ್ನುವ ಹಾಗಿಲ್ಲ.

ಆಪರೇಷನ್ ದಿನ ಜೊತೆಗೊಬ್ಬರು ಇರಲೇಬೇಕಂತೆ. ಆ ಜಾಗದಲ್ಲಿ ನೀನಿರಬೇಕು ಅಂತ ನನಗೆ ಆಸೆ. ಮಾರನೆಯ ದಿನ ಕಣ್ಣಿನ ಪಟ್ಟಿ ಬಿಚ್ಚುತ್ತಾರಲ್ಲ, ಆಗ ನಿನ್ನ ಮುಖ ಕಂಡರೆ ಸಾಕು. ಇದನ್ನು ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ. ಮೊದಲು ಫಾರಂ ಆದರೂ ನನ್ನನ್ನು ಒಳಗೆ ಬಿಡಲಿ.

ನಿನ್ನ ಅಮ್ಮ,
ಬೈರಮ್ಮ


ಬಿಟಿಎಂ ಲೇಔಟ್
17 ಆಗಸ್ಟ್ 2024

ಅಮ್ಮಾ,

ಈ ಆಫೀಸಿಗೆ ಕೈಬರಹದ ಲಕೋಟೆ ಬಂದದ್ದು ಇದೇ ಮೊದಲು. ಮೇಜಿನ ಮೇಲೆ ನಿನ್ನ ಅಕ್ಷರ ನೋಡಿದವಳೇ ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಅತ್ತು ಬಂದು ಓದಿದೆ. ಓದಿ ಮತ್ತೆ ಹೋದೆ. ನಮ್ಮ ಆಫೀಸಿನಲ್ಲಿರುವುದು ನಾಲ್ಕೇ ಜನ, ಆದ್ದರಿಂದ ಈಗ ಎಲ್ಲರಿಗೂ ನಿನ್ನ ಕಣ್ಣಿನ ವಿಷಯ ಗೊತ್ತು.

ಜಗಳದಲ್ಲಿ ನೀನೇ ಗೆದ್ದೆ. ತಪ್ಪು ಫಾರಮಿನದು, ಅಂದರೆ ನನ್ನದು. ನೀನು ಒತ್ತಿದ ತಕ್ಷಣ ನೀನು ಬರೆದದ್ದೆಲ್ಲ ಒಂದು ಗಂಟು ಕಟ್ಟಿಕೊಂಡು ಸರ್ವರ್ ಅನ್ನುವ ಬೇರೊಂದು ಕಂಪ್ಯೂಟರಿಗೆ ಬರುತ್ತದೆ. ಅಲ್ಲಿ ಆ ಗಂಟು ಬಿಚ್ಚಿ, ಒಂದೊಂದು ಕಾಲಮನ್ನೂ ಪರೀಕ್ಷಿಸಿ, ಸರಿಯಿದ್ದರೆ ಒಳಗಿಟ್ಟು, ಇಲ್ಲದಿದ್ದರೆ ವಾಪಸು ಕಳಿಸುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಒಬ್ಬರೇ ಎರಡು ಸಲ ನೋಂದಣಿ ಮಾಡಿಸಬಾರದಲ್ಲ. ಫೋನ್ ನಂಬರ್ ನೋಡಿ ಗುರುತಿಸೋಣವೆಂದರೆ ಒಂದು ಮನೆಯ ಮೂರು ಹೆಂಗಸರೂ ಮಗನ ನಂಬರನ್ನೇ ಕೊಡುತ್ತಾರೆ. ವಯಸ್ಸು ನೋಡೋಣವೆಂದರೆ ಎಲ್ಲರದ್ದೂ ಐವತ್ತೋ ಅರವತ್ತೋ. ಹಾಗಾಗಿ ಹೆಸರು ಮತ್ತು ಗಂಡನ ಹೆಸರು ಎರಡೂ ಒಂದೇ ಆಗಿದ್ದರೆ ಅದೇ ವ್ಯಕ್ತಿ ಅಂತ ಬರೆದೆ. ಬಹಳ ಜಾಣತನ ಮಾಡಿದೆ ಅಂದುಕೊಂಡಿದ್ದೆ.

ನಿನ್ನ ಕಾಗದ ಓದಿದ ಮೇಲೆ ಒಳಗೆ ಏನೇನು ಸೇರಿದೆ ಅಂತ ತೆಗೆದು ನೋಡಿದೆ. ಕೋಣನಕುಂಟೆಯ ಒಬ್ಬ ಬೈರಮ್ಮ ನಿನಗಿಂತ ಮೊದಲೇ ಬಂದಿದ್ದಾರೆ. ಗಂಡನ ಹೆಸರಿನ ಕಾಲಮಿನಲ್ಲಿ ಅವರು ಬರೆದಿರುವುದು 'ನಮ್ಮನೆಯವರು'. ನೀನು ಏನು ಬರೆದೆ ಅಂತ ನಾನು ಕೇಳುವುದಿಲ್ಲ, ನನಗೆ ಗೊತ್ತು. ಅಮ್ಮ, ನಲವತ್ತೊಂದು ಹೆಂಗಸರಿಗೆ ಗಂಡ 'ನಮ್ಮನೆಯವರು'. ಹದಿನೇಳು ಜನಕ್ಕೆ 'ಯಜಮಾನರು'. ಅರೆಕೆರೆಯ ಒಬ್ಬರು 'ಸೀನು ಅಪ್ಪ' ಅಂತ ಬರೆದಿದ್ದಾರೆ. ಇನ್ನೊಬ್ಬರು ಯಲ್ಲಮ್ಮ ಅಂತ, ಗಂಡನ ಹೆಸರಿನ ಎದುರು 'ಇದ್ದಾರೆ' ಅಂತ ಬರೆದು ಮುಂದೆ ಹೋಗಿದ್ದಾರೆ. ಸಿದ್ಧಾರ್ಥನಿಗೆ ಓದಿ ಹೇಳಿದೆ. ಅನ್ನ ಕಲಸುತ್ತಿದ್ದವನು ನಕ್ಕು ಕೆಮ್ಮಿ ಅರ್ಧ ಚೊಂಬು ನೀರು ಕುಡಿದ.

ಸದ್ಯಕ್ಕೆ ಒಂದು ಉಪಾಯವಿದೆ. ಅಪ್ಪನ ಹೆಸರು ಬರೆದು ಒತ್ತು. ರಾಮಯ್ಯ. ಮೂರೇ ಅಕ್ಷರ, ಒಳಗೆ ಹೋಗುತ್ತದೆ.

ನಾನು ಬರುತ್ತೇನಮ್ಮ. ಅಪ್ಪ ಬಾಗಿಲಲ್ಲಿ ನಿಂತು ಬೇಡ ಅಂದರೂ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಆದರೆ ನಿನ್ನ ಹಾಗೆ ನನಗೂ ಆಸೆಯಿದೆ. ಬೆಂಚಿನ ಮೇಲಲ್ಲ, ಒಳಗೆ.

ನಿನ್ನ
ಬಿಂದು


ಗೊಟ್ಟಿಗೆರೆ
26 ಆಗಸ್ಟ್ 2024

ಬಿಂದು,

ನಲವತ್ತೊಂದು ಹೆಂಗಸರಿಗೆ ಒಬ್ಬನೇ ಗಂಡ ಅಂತ ಓದಿ ಒಬ್ಬಳೇ ಅಡುಗೆಮನೆಯಲ್ಲಿ ಕೂತು ನಗುತ್ತಿದ್ದೆ. ನಿಮ್ಮಪ್ಪ ಬಂದು, "ಏನಾಯ್ತೆ?" ಅಂದರು. "ಏನಿಲ್ಲ, ಹಾಲು ಉಕ್ತು" ಅಂದೆ. ಒಲೆಯ ಮೇಲೆ ಹಾಲೇ ಇರಲಿಲ್ಲ. ಅವರು ಒಲೆ ನೋಡಿದರು, ನನ್ನನ್ನು ನೋಡಿದರು, ಹೋದರು.

ಮೂರೇ ಅಕ್ಷರ ಅಂತ ಎಷ್ಟು ಸುಲಭವಾಗಿ ಬರೆದಿದ್ದೀಯ. ಮೂವತ್ತನಾಲ್ಕು ವರ್ಷದಲ್ಲಿ ಆ ಹೆಸರು ನನ್ನ ಬಾಯಲ್ಲೂ ಬಂದಿಲ್ಲ, ಕೈಯಲ್ಲೂ ಬಂದಿಲ್ಲ. ನವಮಿಗೂ ನಾನು ಪಾನಕದ ಹಬ್ಬ ಅಂತಲೇ ಅನ್ನುವುದು, ಮರೆತೆಯಾ? ಬ್ಯಾಂಕಿನಲ್ಲಿ ಕೇಳಿದರೆ ಆಧಾರ್ ಕಾರ್ಡ್ ಮುಂದೆ ಹಿಡಿಯುತ್ತೇನೆ, ಅವರೇ ಓದಿಕೊಳ್ಳುತ್ತಾರೆ. ಹೇಳಿದರೆ ಆಯಸ್ಸು ಕಡಿಮೆಯಾಗುತ್ತದೆ ಅಂತ ನಮ್ಮವ್ವ ಹೇಳಿಕೊಟ್ಟಿದ್ದಳು. ಸುಳ್ಳಿರಬಹುದು. ನೀನು ಗಂಡನನ್ನು ದಿನಕ್ಕೆ ಐವತ್ತು ಸಲ ಹೆಸರು ಹಿಡಿದು ಕರೆಯುತ್ತೀಯ, ಅವನು ಗಟ್ಟಿಮುಟ್ಟಾಗಿಯೇ ಇದ್ದಾನೆ. ಆದರೂ ನನ್ನ ಗಂಡನ ಮೇಲೆ ನಾನು ಪ್ರಯೋಗ ಮಾಡಿ ನೋಡುವುದಿಲ್ಲ. ಮಾತಾಡದಿದ್ದರೂ, ಸಿಡುಕಿದರೂ, ಆ ಮನುಷ್ಯ ನನಗೆ ಬೇಕು.

ನಿನ್ನ ಗಂಡನ ಹೆಸರನ್ನು ಮಾತ್ರ ನಾನು ಧಾರಾಳವಾಗಿ ಬರೆಯಬಹುದು. ಸಿದ್ಧಾರ್ಥ. ನೋಡು, ಬರೆದೆ. ಅನ್ನ ಕಲಸುವಾಗ ನಗಿಸಬೇಡ ಅವನನ್ನು.

ಈಗ ನನ್ನ ಪ್ರಶ್ನೆ. ಇಷ್ಟು ಹೆಂಗಸರು ಒಂದೇ ಥರ ಬರೆದಿದ್ದಾರೆ ಅಂದರೆ ತಪ್ಪು ಯಾರದು? ನಮ್ಮೆಲ್ಲರ ಬಾಯಿ ತಿದ್ದುವುದಕ್ಕಿಂತ ನಿನ್ನ ಒಂದು ಮಿಷನ್ ತಿದ್ದುವುದು ಸುಲಭ ಅಲ್ಲವಾ? ಇನ್ನೊಂದು ಮಾತು. ನನ್ನ ಹಾಗೆ ವಾಪಸು ಬಂದವರಿಗೆಲ್ಲ ಆಫೀಸಿನಲ್ಲಿ ಕೆಲಸ ಮಾಡುವ ಮಗಳಿಲ್ಲ. ಅವರು ಎಲ್ಲಿಗೆ ಹೋದರು?

ನಿನ್ನ ಅಮ್ಮ,
ಬೈರಮ್ಮ


ಬಿಟಿಎಂ ಲೇಔಟ್
9 ಸೆಪ್ಟೆಂಬರ್ 2024

ಅಮ್ಮಾ,

ನಿನ್ನ ಕೊನೆಯ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ಗೌರಿ ಗಣೇಶ ಎರಡೂ ಕಳೆದುಹೋಯಿತು.

ಮಿಷನ್ ತಿದ್ದಿದ್ದೇನೆ. ಈಗ ಹೆಸರುಗಳು ಒಂದೇ ಆಗಿದ್ದರೂ ಯಾರನ್ನೂ ವಾಪಸು ಕಳಿಸುವುದಿಲ್ಲ. ಬಂದದ್ದನ್ನು ಬಂದ ಹಾಗೇ ಇಟ್ಟುಕೊಂಡು, ಪಕ್ಕದಲ್ಲಿ ಒಂದು ಗುರುತು ಹಾಕುತ್ತದೆ. ಕೆಂಪಕ್ಕ ಆ ಗುರುತು ನೋಡಿ ಫೋನ್ ಮಾಡಿ, "ನೀವು ಯಾವ ಬೈರಮ್ಮ?" ಅಂತ ಕೇಳುತ್ತಾರೆ. ಮೊದಲೇ ಹೀಗೆ ಮಾಡಬಹುದಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರವೇ ನಮಗೆ ಒಂದು ಪಾಠ ಹೇಳಿಕೊಡುತ್ತಾರೆ: ಹೊರಗಿನಿಂದ ಬಂದದ್ದನ್ನು ನಂಬಬೇಡ, ಪರೀಕ್ಷಿಸದೆ ಒಳಗೆ ಬಿಡಬೇಡ. ಅದನ್ನು ನಾನು ಚೆನ್ನಾಗಿ ಕಲಿತೆ. ವಾಪಸು ಹೋದವರು ಏನಾದರು ಅಂತ ಕೇಳುವುದನ್ನು ಯಾರೂ ಕಲಿಸಲಿಲ್ಲ, ನಾನೂ ಕಲಿಯಲಿಲ್ಲ.

ವಾಪಸು ಹೋದವರು ಇಪ್ಪತ್ತಮೂರು ಜನ. ಸಂಖ್ಯೆ ಮಾತ್ರ ಉಳಿದಿದೆ. ಸೇರಿಸಿಕೊಳ್ಳದವರ ವಿವರವನ್ನು ನಾವು ಇಟ್ಟುಕೊಳ್ಳಬಾರದು ಅಂತ ನಿಯಮ, ಆದ್ದರಿಂದ ಹೆಸರಿಲ್ಲ, ಫೋನ್ ನಂಬರಿಲ್ಲ. ಆ ಇಪ್ಪತ್ತಮೂರರಲ್ಲಿ ನೀನೊಬ್ಬಳು. ಉಳಿದ ಇಪ್ಪತ್ತೆರಡು ಜನ, 'ಈಗಾಗಲೇ ನೋಂದಣಿಯಾಗಿದ್ದಾರೆ' ಅನ್ನುವುದನ್ನು ಓದಿ, ಆಯಿತಲ್ಲ ಅಂತ ನೆಮ್ಮದಿಯಾಗಿ ಮನೆಯಲ್ಲಿರಬಹುದು. ಡಿಸೆಂಬರಿನಲ್ಲಿ ಅವರನ್ನು ಯಾರೂ ಕರೆಯುವುದಿಲ್ಲ. ಇದನ್ನು ನೆನೆಸಿಕೊಂಡರೆ ನನಗೆ ಊಟ ಸೇರುತ್ತಿಲ್ಲ.

ಎರಡು ಭಾನುವಾರ ನಾನೂ ಸಿದ್ಧಾರ್ಥನೂ ಅರೆಕೆರೆ ಸುತ್ತಿದೆವು. ಆರು ಜನ ಸಿಕ್ಕಿದರು. ನಿಮ್ಮ ಕಡೆ ನನಗೆ ಬರುವ ಧೈರ್ಯವಾಗಲಿಲ್ಲ. ನಿನಗೆ ಎಲ್ಲರೂ ಗೊತ್ತಲ್ಲ, ಸ್ವಲ್ಪ ವಿಚಾರಿಸುತ್ತೀಯಾ? ನವೆಂಬರ್ ಹದಿಮೂರು, ಬುಧವಾರ, ಕೊನೆಯ ದಿನ. ನೀನೂ ಮತ್ತೆ ತುಂಬು. ಈ ಸಲ 'ನಮ್ಮನೆಯವರು' ಅಂತಲೇ ಬರೆ, ನಿನ್ನನ್ನು ಏನೂ ಅನ್ನುವುದಿಲ್ಲ.

ನಿನ್ನ
ಬಿಂದು


ಗೊಟ್ಟಿಗೆರೆ
1 ಅಕ್ಟೋಬರ್ 2024

ಬಿಂದು,

ಇದರ ಜೊತೆ ಒಂದು ಪಟ್ಟಿ ಇದೆ. ಮೊದಲು ಕಾಗದ ಓದು, ಆಮೇಲೆ ಪಟ್ಟಿ ನೋಡು.

ಹೊರಗಿನಿಂದ ಬಂದದ್ದನ್ನು ನಂಬಬಾರದು ಅನ್ನುವ ಪಾಠ ಬರೆದಿದ್ದೆಯಲ್ಲ, ನಿಮ್ಮಪ್ಪನೂ ಯಾವ ಕಾಲದಲ್ಲೋ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದರೇನೋ. ಸಿದ್ಧಾರ್ಥ ನಿನ್ನನ್ನು ಕೇಳಿಕೊಂಡು ಬಂದಾಗ, ಆ ಹುಡುಗ ಯಾರು, ಏನು ಓದಿದ್ದಾನೆ, ಎಂಥವನು, ಒಂದೂ ಕೇಳದೆ ವಾಪಸು ಕಳಿಸಿದರು. ಆ ಹುಡುಗನ ಅಮ್ಮ ಸುಧಾಮಣಿ ಟೀಚರು ಎಷ್ಟು ಮರ್ಯಾದಸ್ಥೆ ಅಂತ ಕೆಂಪಕ್ಕ ಈಗ ಹೇಳುತ್ತಾಳೆ. ಜಾತಿಯೊಂದು ಕಾಲಂ ನೋಡಿ ನಾವು ಉಳಿದ ಕಾಲಂ ಓದಲೇ ಇಲ್ಲ. ನಾವು ಅಂತ ಬರೆದಿದ್ದೇನೆ, ಗಮನಿಸು. ಅವತ್ತು ನಾನೂ ಬಾಗಿಲ ಹಿಂದೆ ಸುಮ್ಮನೆ ನಿಂತಿದ್ದೆ. ಅದಕ್ಕೆ ನನ್ನನ್ನು ನೀನು ಬೈಯಬೇಕು. ಬೈಯದೆ ಬಿಟ್ಟಿದ್ದೀಯ, ಅದು ಇನ್ನೂ ಕಷ್ಟ.

ಹೆಂಗಸರನ್ನು ಹುಡುಕಲು ಹೊರಟೆ. ರಾಗಿ ಮಿಲ್ಲು, ಹಾಲಿನ ಡೈರಿ, ಮಾರಮ್ಮನ ಗುಡಿ, ಎಲ್ಲ ಕಡೆ, "ಕೆಂಪಕ್ಷರ ಬಂತಾ?" ಅಂತ ಕೇಳಿದೆ. ಒಬ್ಬೊಬ್ಬರಾಗಿ, ಬಂತು ಬಂತು ಅಂದರು. ಸರಿ, ಮನೆಗೆ ಕರೆದು ಹೆಸರು ಬರೆದುಕೊಳ್ಳೋಣ ಅಂತ ಕೂತೆ. ಗಂಡನ ಹೆಸರು ಕೇಳಿದರೆ ಎಲ್ಲರೂ ಸೆರಗು ಬಾಯಿಗೆ ಹಿಡಿದು ನಿಂತರು. ಬೇರೆಯವರ ಗಂಡನ ಹೆಸರು ನಾನು ಹೇಳಬಹುದು, ಆದರೆ ಅರ್ಧ ಜನ ಗಂಡಸರನ್ನು ನಾನು ಅಡ್ಡಹೆಸರಿನಲ್ಲೇ ಬಲ್ಲೆ.

ನಿಮ್ಮಪ್ಪ ಜಗಲಿಯ ಮೇಲೆ ಪೇಪರ್ ಓದುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಪೇಪರ್ ಮಡಿಸಿ, "ಕೊಡಿಲ್ಲಿ ಆ ಪೆನ್ನು" ಅಂದರು. ಈ ಊರಿನ ಗಂಡಸರೆಲ್ಲ ಇವರ ಜೊತೆ ಕೆರೆಯಲ್ಲಿ ಈಜಿದವರೇ ತಾನೇ. "ಇವ್ಳ ಗಂಡ ಚಿನ್ನಪ್ಪ. ಅವ್ಳದ್ದು ಸಂಜೀವಯ್ಯ, ಜಂಜೀವಯ್ಯ ಅಲ್ಲ, ಸರಿಯಾಗ್ ಕರೀರಿ ಇನ್ಮೇಲೆ." ಹೀಗೆ ಒಂದೊಂದೇ ಬರೆದರು. ಮೂರು ದಿನ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕೋಣನಕುಂಟೆವರೆಗೂ ಹೋದರು. ಹದಿನಾರು ಜನವೂ ಸಿಕ್ಕಿದರು. ನಿನ್ನ ಆರು ಸೇರಿಸಿ ಇಪ್ಪತ್ತೆರಡು.

ಮೂರನೆಯ ದಿನ ಸ್ಕೂಟರ್ ನಿಲ್ಲಿಸುತ್ತ, "ಈ ಕೆಲ್ಸ ಯಾರ್ದು?" ಅಂದರು. ನಾನು ಇಳಿದು ಪಟ್ಟಿ ಮಡಿಸತೊಡಗಿದೆ. "ಹ್ಞೂಂ" ಅಂದು ಒಳಗೆ ಹೋದರು.

ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಯಾಕೆ ಅಂತ ಕೇಳಿದರೆ, "ನಿಂದು ನಾನೇ ಫೋನಲ್ಲಿ ತುಂಬ್ತೀನಿ" ಅಂದರು. ಆಗ ನಾನು ಧೈರ್ಯ ಮಾಡಿ, ಜೊತೆಗೆ ಬಿಂದು ಬರಲಿ ಅಂದೆ. ಉತ್ತರ ಬರಲಿಲ್ಲ. ಇವತ್ತಿಗೆ ಆರು ದಿನ.

ನಿನ್ನ ಅಮ್ಮ,
ಬೈರಮ್ಮ


ಬಿಟಿಎಂ ಲೇಔಟ್
14 ಅಕ್ಟೋಬರ್ 2024

ಅಮ್ಮಾ,

ಪಟ್ಟಿಯನ್ನು ಮೊದಲು ನೋಡಿಬಿಟ್ಟೆ. ನಿನ್ನ ಮಾತು ಮೀರಿದ್ದೇನೆ, ಹೊಸದೇನಲ್ಲ. ಅಪ್ಪನ ಅಕ್ಷರ ಇನ್ನೂ ಹಾಗೇ ಇದೆ, ಪ್ರತಿ ಸಾಲಿನ ಕೆಳಗೂ ಸ್ಕೇಲಿಟ್ಟು ಗೆರೆ ಎಳೆದಿದ್ದಾರೆ. ನನ್ನ ಶಾಲೆಯ ಪುಸ್ತಕಗಳ ಮೇಲೆ ಹೆಸರು ಬರೆದುಕೊಟ್ಟಿದ್ದೂ ಹೀಗೇ. ಆ ಹಾಳೆಯನ್ನು ಸಿದ್ಧಾರ್ಥನ ಕೈಗೆ ಕೊಟ್ಟೆ. ಅವನು ತುಂಬಾ ಹೊತ್ತು ಹಿಡಿದುಕೊಂಡಿದ್ದ. "ನಿಮ್ಮಪ್ಪ ಸಖತ್ ನೀಟ್ ಕಣೆ" ಅಂದ.

ಇಪ್ಪತ್ತೆರಡು ಜನವನ್ನೂ ಸೇರಿಸಿಯಾಯಿತು. ಉಳಿದ ವಿವರಗಳನ್ನು ಕೆಂಪಕ್ಕ ಫೋನಿನಲ್ಲಿ ಕೇಳಿ ತುಂಬಿದರು. ನನಗೀಗ ಊಟ ಸೇರುತ್ತಿದೆ. ಅಪ್ಪನಿಗೆ ಹೇಳು, ಅಥವಾ ಹೇಳಬೇಡ, ನಿನಗೆ ತೋಚಿದ ಹಾಗೆ ಮಾಡು.

ಬೆಳಿಗ್ಗೆ ಆಫೀಸಿಗೆ ಬಂದವಳೇ ಮೊದಲು ನೋಡುವುದು ನಿನ್ನ ಹೆಸರು ಬಂದಿದೆಯೇ ಅಂತ. ಬಂದಿಲ್ಲ. ನಿನಗೆ ಗೊತ್ತಾ ಅಮ್ಮ, ನಾನು ಒಳಗಿನಿಂದಲೇ ನಿನ್ನ ಸಾಲು ಬರೆದುಬಿಡಬಹುದು. ನಿನ್ನ ಹೆಸರು, ಅಪ್ಪನ ಹೆಸರು, ಜೊತೆಗೆ ಬರುವವರ ಎದುರು ನನ್ನ ಹೆಸರು. ಎರಡು ನಿಮಿಷದ ಕೆಲಸ, ಯಾರೂ ಕೇಳುವುದಿಲ್ಲ. ನಿನ್ನೆ ಅರ್ಧ ಬರೆದೂಬಿಟ್ಟಿದ್ದೆ. ಅಳಿಸಿದೆ. ಬರೆಯಲಾ? ನೀನು ಹ್ಞೂಂ ಅಂದರೆ ಬರೆಯುತ್ತೇನೆ.

ನಿನ್ನ
ಬಿಂದು


ಗೊಟ್ಟಿಗೆರೆ
2 ನವೆಂಬರ್ 2024

ಬಿಂದು,

ಬರೆಯಬೇಡ.

ನೀನು ಬರೆದರೆ ನನ್ನ ಆಪರೇಷನ್ ಆಗುತ್ತದೆ, ನೀನೂ ಬರುತ್ತೀಯ. ಆದರೆ ಆಮೇಲೆ ನಾನು ಈ ಮನೆಗೆ ವಾಪಸು ಬರಬೇಕು, ನೀನು ಆ ಮನೆಗೆ ಹೋಗಬೇಕು. ಮತ್ತೆ ಕಾಗದ. ನನಗೆ ಅಷ್ಟು ಸಾಲದು. ಅವರ ಕೈಯಿಂದಲೇ ಬರಲಿ. ಬರದಿದ್ದರೆ ಒಂದೇ ಕಣ್ಣಿನಲ್ಲಿ ಇನ್ನೊಂದು ವರ್ಷ ಕಳೆಯುತ್ತೇನೆ, ಹಟ ನಿಮ್ಮಪ್ಪನಿಗೆ ಮಾತ್ರ ಬರುತ್ತದೆ ಅಂದುಕೊಂಡಿದ್ದೀರಿ ಎಲ್ಲರೂ.

ಹಬ್ಬಕ್ಕೆ ನಿನ್ನ ತಮ್ಮ ಬಂದಿದ್ದಾನೆ. ಎಣ್ಣೆ ಹಚ್ಚಿಸಿಕೊಳ್ಳುತ್ತ ಮೋಹಿತ್, "ಅಮ್ಮನ್ ಜೊತೆ ನಾನೇ ಹೋಗ್ತೀನ್ ಬಿಡಪ್ಪ" ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ನಿಮ್ಮಪ್ಪ, "ನಿನ್ನ ಯಾರೂ ಕೇಳ್ಲಿಲ್ಲ" ಅಂದರು. ನಿನ್ನ ವಿಷಯಕ್ಕೆ ಬೇಡ ಅಂದಿಲ್ಲ, ಅವನ ವಿಷಯಕ್ಕೆ ಬೇಡ ಅಂದರು. ಇದನ್ನು ನಾನು ನಿನ್ನೆಯಿಂದ ಕೈಯಲ್ಲಿ ಹಿಡಿದುಕೊಂಡು ಓಡಾಡುತ್ತಿದ್ದೇನೆ.

ಇವತ್ತು ಮಧ್ಯಾಹ್ನದಿಂದ ಫೋನ್ ಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದಾರೆ. ಕನ್ನಡಕ ತೆಗೆಯುತ್ತಾರೆ, ಹಾಕುತ್ತಾರೆ. ನಾನು ಏನನ್ನೂ ಕೇಳುವುದಿಲ್ಲ. ಕಜ್ಜಾಯ ಮಾಡಿದ್ದೇನೆ, ಕೆಂಪಕ್ಕನ ಕೈಲಿ ಈ ಕಾಗದದ ಜೊತೆ ಕಳಿಸುತ್ತೇನೆ. ಎಂಟಿವೆ, ನಾಲ್ಕು ಅವನಿಗೆ.

ನಿನ್ನ ಅಮ್ಮ,
ಬೈರಮ್ಮ


ಗೊಟ್ಟಿಗೆರೆ
8 ನವೆಂಬರ್ 2024

ಬಿಂದುಶ್ರೀಗೆ,

ನಿಮ್ಮಮ್ಮನ ಫಾರಂ ವಿಷಯವಾಗಿ ಬರೆಯುತ್ತಿದ್ದೇನೆ. ಈ ಕಾಗದ ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ.

ಶನಿವಾರದಿಂದ ನಾಲ್ಕು ಸಲ ತುಂಬಿದ್ದೇನೆ. ಮೊದಲ ಪುಟದಲ್ಲಿ ತೊಂದರೆ ಏನೂ ಇಲ್ಲ. ಎರಡನೆಯ ಪುಟದಲ್ಲಿ 'ಜೊತೆಗೆ ಬರುವವರ ಹೆಸರು' ಅಂತ ಇದೆ. ಅಲ್ಲಿ ನಿನ್ನ ಹೆಸರು ಬರೆದೆ. ಅದರ ಮುಂದೆ 'ಸಂಬಂಧ' ಅಂತ ಇನ್ನೊಂದು ಕಾಲಂ. ಅದರಲ್ಲಿ ನಾವು ಬರೆಯುವ ಹಾಗಿಲ್ಲ, ಒತ್ತಿದರೆ ಒಂದು ಪಟ್ಟಿ ಬರುತ್ತದೆ, ಅದರಲ್ಲಿ ಇರುವುದನ್ನೇ ಆರಿಸಬೇಕು. ಗಂಡ, ಮಗ, ಸೊಸೆ, ಅಣ್ಣತಮ್ಮ, ಇತರೆ. ಕನ್ನಡಕ ಒರೆಸಿಕೊಂಡು ಮೇಲಿನಿಂದ ಕೆಳಗೆ ಎರಡು ಸಲ ನೋಡಿದೆ. ಮಗಳು ಅಂತ ಇಲ್ಲ.

ಮೋಹಿತನಿಗೆ ತೋರಿಸಿದೆ. "ಇತರೆ ಒತ್ತಪ್ಪ, ಹೋಗುತ್ತೆ" ಅಂದ. ಎಲ್ಲರೂ ಹಾಗೇ ಮಾಡುತ್ತಿದ್ದಾರಂತೆ. ನಾನು ಒತ್ತಲು ಹೋದೆ, ಕೈ ಬರಲಿಲ್ಲ. ನಿನ್ನನ್ನು ಇತರೆ ಅಂತ ಒಂದು ಸಲ ಮಾಡಿದ್ದೇನೆ. ಅದು ಸಾಕು.

ಈ ಪಟ್ಟಿ ಮಾಡಿದವಳು ನೀನೇ ಅಂತ ಸಂಘದ ಕೆಂಪಮ್ಮ ಹೇಳಿದಳು. ಮಗಳು ಅನ್ನುವುದು ನಿನಗೆ ಯಾಕೆ ನೆನಪಾಗಲಿಲ್ಲ ಅಂತ ಕೇಳುವ ಮುಖ ನನಗಿಲ್ಲ.

ಬುಧವಾರದೊಳಗೆ ಪಟ್ಟಿ ಸರಿಮಾಡು. ಸೊಸೆ ಅನ್ನುವುದರ ಮೇಲೆ ಮಗಳು ಅಂತ ಸೇರಿಸು. ಅದರ ಪಕ್ಕದಲ್ಲೇ ಅಳಿಯ ಅಂತಲೂ ಸೇರಿಸು, ಆಸ್ಪತ್ರೆಯಲ್ಲಿ ಇಬ್ಬರು ಇದ್ದರೆ ಒಳ್ಳೆಯದು. ಅಲ್ಲಿಯವರೆಗೆ ನಾನು ಬೇರೆ ಏನನ್ನೂ ಒತ್ತುವುದಿಲ್ಲ.

ನಿನ್ನ ಅಪ್ಪ,
ರಾಮಯ್ಯ